ನೊರೆ ಕದ್ದವರು ಯಾರು?

ನಮ್ಮ ಮನೆಯಲ್ಲಿ ನೊರೆ ಕಳೆದುಹೋಗಿತ್ತು.

ಒಡವೆ ಕಳೆದರೆ ಪೊಲೀಸರಿಗೆ ಫೋನ್ ಮಾಡಬಹುದು. ಪಾರ್ಸೆಲ್ ಕಳೆದರೆ ಪಕ್ಕದ ಮನೆಯ ಬಾಗಿಲು ತಟ್ಟಬಹುದು. ಬಿಯರಿನ ನೊರೆ ಕಳೆದರೆ ಯಾರನ್ನು ಕೇಳುವುದು? ನನ್ನ ಗಂಡ ಸಂಗಮೇಶ ನನ್ನನ್ನು ಕೇಳಿದ.

"ಗ್ಲಾಸ್ ಬರೋಬ್ಬರಿ ತೊಳದೀಯೇನು?"

ಓದುಗರೇ, ಇಷ್ಟು ವರ್ಷ ಸಂಸಾರ ಮಾಡಿದ ಮೇಲೆ ಕೇಳಬೇಕಾದ ಪ್ರಶ್ನೆಯೇ ಇದು? ನಾನು ಮೈಸೂರಿನವಳು, ಮಾತಿಗೆ ಮಾತು ಬೆಳೆಸುವುದಿಲ್ಲ. (ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತೇನೆ.) ನನ್ನ ಗ್ಲಾಸುಗಳ ಮಾನ ಉಳಿಸಲು ಅವತ್ತೇ ಪತ್ತೇದಾರಿಕೆಗೆ ಇಳಿದೆ.

ಮೊದಲು ಹಿನ್ನೆಲೆ ಹೇಳಿಬಿಡುತ್ತೇನೆ. ಲಂಡನ್ನಿನ ರೇನರ್ಸ್ ಲೇನಿನಲ್ಲಿ ನಮ್ಮ ಪಕ್ಕದ ಮನೆಯವರು ಬ್ರಯನ್. ಹೆಂಡತಿ ತೀರಿಹೋದ ಮೇಲೆ ಒಬ್ಬರೇ ಇದ್ದಾರೆ. ಬಹಳ ಕಾಲ ಮನೆಯಲ್ಲೇ ಬಿಯರ್ ಮಾಡುತ್ತಿದ್ದವರು. ಕೈಬೆರಳು ಸೆಟೆದುಕೊಂಡು ದೊಡ್ಡ ಪಾತ್ರೆ ಎತ್ತಲಾಗದೆ, ಕಳೆದ ಚಳಿಗಾಲದಲ್ಲಿ ತಮ್ಮ ಸಾಮಾನನ್ನೆಲ್ಲ ಬೇಲಿಯ ಮೇಲಿಂದ ಸಂಗಮೇಶನಿಗೆ ದಾಟಿಸಿದರು. ಈಗ ಮನೆ ಮಾರಿ ವೇಲ್ಸಿನಲ್ಲಿರುವ ಮಗಳ ಹತ್ತಿರ ಹೊರಟಿದ್ದಾರೆ. ಸಂಗಮೇಶನನ್ನು ಸ್ಯಾಮ್ ಎನ್ನುವ ಅವರು ಕೇಳಿದ್ದು ಒಂದೇ. "ಸ್ಯಾಮ್, ಹೋಗೋದಕ್ಕೆ ಮುಂಚೆ ನನ್ನ ಹಳೇ ಚಿಲ್ಲರ್‌ನಲ್ಲಿ ಮಾಡಿದ ಒಂದು ಪೈಂಟ್ ಬಿಯರ್ ಕುಡಿಸು."

ಚಿಲ್ಲರ್ ಅಂದರೆ ತಾಮ್ರದ ಕೊಳವೆಯ ಒಂದು ದೊಡ್ಡ ಸುರುಳಿ. ಪೂರ್ತಿ ಹೆಸರು ವರ್ಟ್ ಚಿಲ್ಲರ್. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಬಿಸಿನೀರಲ್ಲಿ ನೆನೆಸಿ ಸೋಸಿದರೆ ಸಿಹಿಯಾದ ನೀರು ಸಿಗುತ್ತದೆ. ಅದಕ್ಕೆ ಹಾಪ್ಸ್ ಎಂಬ ಕಹಿ ಹೂವು ಹಾಕಿ ಕುದಿಸುತ್ತಾರೆ. ಅದು ವರ್ಟ್, ಇನ್ನೂ ಬಿಯರ್ ಆಗದ ಬಿಯರ್. ಬಿಸಿಯಲ್ಲೇ ಯೀಸ್ಟ್ ಹಾಕಿದರೆ ಯೀಸ್ಟ್ ಸಾಯುತ್ತದೆ. ತಾನಾಗಿ ಆರಲಿ ಎಂದು ಬಿಟ್ಟರೆ ಕಂಡಕಂಡ ಕ್ರಿಮಿಗಳು ಬಂದು ಸೇರಿಕೊಳ್ಳುತ್ತವೆ. ಹೆಪ್ಪು ಹಾಕುವ ಮುಂಚೆ ಹಾಲು ಉಗುರುಬೆಚ್ಚಗಾಗಬೇಕಲ್ಲ, ಹಾಗೇ ಇದೂ. ಆದರೆ ಬೇಗ ಆಗಬೇಕು. ಅದಕ್ಕೇ ಸುರುಳಿಯನ್ನು ಪಾತ್ರೆಯಲ್ಲಿ ಮುಳುಗಿಸಿ, ಕೊಳವೆಯೊಳಗೆ ತೋಟದ ನಲ್ಲಿಯ ತಣ್ಣೀರು ಹರಿಸುವುದು. ಮೈಮೇಲಿನ ಕ್ರಿಮಿ ಸಾಯಲೆಂದು ವರ್ಟ್ ಇನ್ನೂ ಕುದಿಯುತ್ತಿರುವಾಗಲೇ ಸುರುಳಿಯನ್ನು ಒಳಗಿಳಿಸುತ್ತಾರೆ. (ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.)

ಚಳಿಗಾಲದ ಬಿಯರಿಗೆ ಚೆಂದದ ನೊರೆ ಇತ್ತು. ಬೇಸಿಗೆಯಲ್ಲಿ ಮಾಡಿದ್ದಕ್ಕೆ ಇಲ್ಲ. ಮತ್ತೊಮ್ಮೆ ಮಾಡಿದ. ವಾರಗಟ್ಟಲೆ ಕಾದು ಬ್ರಯನ್‌ರನ್ನು ಕರೆದು ಸುರಿದರೆ, ಅದೂ ತಣ್ಣಗಾದ ಚಹಾದ ಹಾಗೆ ಸುಮ್ಮನೆ ಕೂತಿತು. ಬ್ರಯನ್ ಗ್ಲಾಸನ್ನು ಬೆಳಕಿಗೆ ಹಿಡಿದರು. "ಲವ್ಲಿ ಕಲರ್, ಸ್ಯಾಮ್," ಅಂದರು. ನೊರೆಯ ಮಾತೇ ಎತ್ತಲಿಲ್ಲ. ಇಂಗ್ಲಿಷರು ಬಣ್ಣ ಹೊಗಳಿದರೆ ಉಳಿದದ್ದು ಕೆಟ್ಟಿದೆ ಎಂದೇ ಅರ್ಥ. ಸಂಗಮೇಶನ ಮುಖ ಸಣ್ಣದಾಯಿತು. ಬ್ರಯನ್ ಹೊರಡುವ ಮುಂಚೆ ಇನ್ನು ಒಂದೇ ಒಂದು ಸಲ ಮಾಡುವಷ್ಟು ಸಮಯವಿತ್ತು.

ನನ್ನ ತನಿಖೆ ಗ್ಲಾಸಿನಿಂದ ಶುರುವಾಯಿತು. ಅಂಗಡಿಯ ಬಿಯರ್ ತಂದು ಅದೇ ಗ್ಲಾಸಿಗೆ ಸುರಿದೆ. ನೊರೆ ಎರಡು ಬೆರಳು ಎತ್ತರ ನಿಂತಿತು. ಗ್ಲಾಸ್ ನಿರ್ದೋಷಿ, ನಾನೂ ನಿರ್ದೋಷಿ! ಸಂಗಮೇಶ ಯೀಸ್ಟನ್ನು ಬೈದ, ಲಂಡನ್ನಿನ ಗಡಸು ನೀರನ್ನು ಬೈದ. ಚಳಿಗಾಲದಲ್ಲೂ ಅದೇ ಯೀಸ್ಟು, ಅದೇ ನೀರು ಇರಲಿಲ್ಲವೇ? ಹಾಗಾದರೆ ಬೇಸಿಗೆಯಲ್ಲಿ ಹೊಸದಾಗಿ ಏನು ಬಂತು?

ಉತ್ತರ ಸಿಕ್ಕಿದ್ದು ಅಡುಗೆಮನೆಯಲ್ಲಿ. ತೊಗರಿಬೇಳೆ ಕುದಿಯಲು ಇಟ್ಟಿದ್ದೆ. ನೊರೆ ಉಕ್ಕಿ ಬರುತ್ತಿತ್ತು. ದಿನಾ ಮಾಡುವ ಹಾಗೆ ಒಂದು ಹನಿ ಎಣ್ಣೆ ಬಿಟ್ಟೆ. ನೊರೆ ಸುಸ್ತಾದವರ ಹಾಗೆ ಕೆಳಗಿಳಿಯಿತು.

ಸೌಟು ಅಲ್ಲೇ ಬಿಟ್ಟು, ಸುರುಳಿ ಇಟ್ಟಿದ್ದ ತೋಟದ ಶೆಡ್ಡಿಗೆ ಓಡಿದೆ.

ಚಳಿಗಾಲದಲ್ಲಿ ಕಂದು ತಿರುಗಿ, ಕೀಲುಗಳಲ್ಲಿ ಹಸಿರು ಕಿಲುಬು ಕಟ್ಟಿದ್ದ ಸುರುಳಿ ಈಗ ಮೊಳೆಯಲ್ಲಿ ನೇತಾಡುತ್ತ ಹೊಸ ಕಳಶದ ಹಾಗೆ ಹೊಳೆಯುತ್ತಿತ್ತು. ಸಂಗಮೇಶ ಅದನ್ನು ಗಮನಿಸಿಯೇ ಇರಲಿಲ್ಲ! (ಗಂಡಸರಿಗೆ ಸಾಮಾನು ಕೊಳೆಯಾದದ್ದೂ ಕಾಣುವುದಿಲ್ಲ, ಹೊಳೆದದ್ದೂ ಕಾಣುವುದಿಲ್ಲ.) ಬೆರಳಾಡಿಸಿದೆ. ಜಾರಿತು. ಮೂಸಿದೆ. ಭಾನುವಾರದ ತಲೆಸ್ನಾನದ ವಾಸನೆ. ಕೊಬ್ಬರಿ ಎಣ್ಣೆ. ಕುದಿಯುವ ವರ್ಟಿನೊಳಗೆ ಇಳಿಯುವುದು ಇದೇ ಸುರುಳಿಯಲ್ಲವೇ!

ಬೇಸಿಗೆಯಲ್ಲಿ ಹೊಸದಾಗಿ ಬಂದವರು ನಮ್ಮ ಅತ್ತೆ, ವಿಜಯಪುರದಿಂದ.

ಈಗ ನೀವು ಕೇಳಬಹುದು, ಇದೇನು ಮಹಾ? "ಅತ್ತೆ, ಎಣ್ಣೆ ಸವರಬೇಡಿ" ಅಂದರೆ ಮುಗಿಯಿತಲ್ಲ? ಅಲ್ಲೇ ಇರುವುದು ತೊಡಕು. ಅತ್ತೆ ಬಂದ ಹೊಸದರಲ್ಲಿ ಮನೆಯೆಲ್ಲ ಬಾರ್ಲಿ ಕುದಿಯುವ ಘಮ ಹಬ್ಬಿತ್ತು. "ಏನ್ ಕುದಸಾಕತ್ತೀಯೋ ಸಂಗಪ್ಪಾ?" ಅಂದರು. ಆಫೀಸಿನಲ್ಲಿ ಎಲ್ಲರೆದುರು ಗಟ್ಟಿಯಾಗಿ ಮಾತಾಡುವ ನನ್ನ ಗಂಡ, "ಬಾರ್ಲಿ ಕಷಾಯ, ಅವ್ವಾ," ಅಂದುಬಿಟ್ಟ.

"ನನಗೂ ಒಂದ್ ಬಟ್ಟಲ ಕೊಡಪಾ. ಮೊಣಕಾಲ ಭಾಳ ನೋಯಾಕತ್ತಾವ."

"ಭಾಳ ಕಹಿ ಐತಿ ಅವ್ವಾ. ನಿನಗ ಆಗಿ ಬರಂಗಿಲ್ಲ."

ಅತ್ತೆ ಒತ್ತಾಯಿಸಲಿಲ್ಲ. ಸುರುಳಿಯಿಂದ ಹೊರಬೀಳುವ ಬಿಸಿನೀರು ಚರಂಡಿಗೆ ಹೋಗುವುದನ್ನು ನೋಡಲಾರದೆ ಬಕೆಟ್ ಹಿಡಿದು ಬಟ್ಟೆ ನೆನೆಹಾಕಿದರು, ಅಷ್ಟೆ. ಹೀಗೆ ಬೇಸಿಗೆ ಪೂರ್ತಿ ನಮ್ಮ ಮನೆಯಲ್ಲಿ ಕಷಾಯ ಕುದಿಯಿತು. ಎಣ್ಣೆ ಯಾಕೆ ಬೇಡ ಎಂದು ಹೇಳಬೇಕಾದರೆ ನೊರೆ ಯಾಕೆ ಬೇಕು ಎಂದೂ ಹೇಳಬೇಕು. ಹೇಳದಿದ್ದರೆ ಬ್ರಯನ್ ನೊರೆಯಿಲ್ಲದ ಪೈಂಟ್ ಕುಡಿದು ವೇಲ್ಸಿಗೆ ಹೋಗಬೇಕು. "ಸುರುಳಿ ಬಚ್ಚಿಟ್ಟರಾತು," ಅಂದ ಸಂಗಮೇಶ. ಎಲ್ಲಿ ಬಚ್ಚಿಡುತ್ತೀಯ ಮಾರಾಯಾ, ಹಾಸಿಗೆ ಕೆಳಗೇ?

ಸುರುಳಿಗೆ ಎಣ್ಣೆ ಹಚ್ಚಿದ್ದು ನೀವಾ ಎಂದು ನಾನೇ ಕೇಳಿದೆ. ಅತ್ತೆ ಹಿಂದಿನ ಬಾಗಿಲಲ್ಲಿ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ಸಂಗಮೇಶ ನನ್ನ ಹಿಂದೆ ನಿಂತಿದ್ದ.

"ಹೂನವಾ, ನಾನ ಹಚ್ಚೀನಿ. ನಾ ಬಂದಾಗ ಕಿಲುಬ ಹಿಡದಿತ್ತು. ಹುಣಸಿಹಣ್ಣ ಹಚ್ಚಿ ತಿಕ್ಕಿ, ಒರಸಿ, ಮತ್ತ ಕಪ್ಪಾಗಬಾರದಂತ ಒಂದೀಟ ಎಣ್ಣಿ ಸವರೀನಿ. ಅಂವ ಪ್ರತಿ ಸಲ ಕಷಾಯ ಮಾಡಿದ ಮ್ಯಾಲೂ ಹಂಗ ಮಾಡತೀನಿ. ತಪ್ಪಾತೇನು?"

"ಶೆಡ್ಡಿನಲ್ಲಿ ಅಷ್ಟೊಂದು ಸಾಮಾನು ಇದೆಯಲ್ಲ ಅತ್ತೆ. ಇದನ್ನೇ ಯಾಕೆ ತೊಳೆದಿರಿ?"

ಅತ್ತೆ ಮಗನ ಕಡೆ ನೋಡಿದರು. "ವಾರ ಎಲ್ಲ ಕಂಪ್ಯೂಟರ್ ಮುಂದ ಮಾರಿ ಸಣ್ಣದು ಮಾಡ್ಕೊಂಡು ಕುಂತಿರ್ತಾನ. ಇದನ್ನ ಕೈಯಾಗ ಹಿಡದಾಗಷ್ಟ ಶೀಟಿ ಹೊಡೀತಾನವಾ."

ಅವನು ಶಿಳ್ಳೆ ಹಾಕುತ್ತಾನೆ ಎನ್ನುವುದನ್ನು ನಾನು ಗಮನಿಸಿಯೇ ಇರಲಿಲ್ಲ. ಸಂಗಮೇಶ ಅವರ ಪಕ್ಕ ಮೆಟ್ಟಿಲ ಮೇಲೆ ಕುಸಿದು ಕೂತ.

"ಅವ್ವಾ, ಅದು ಕಷಾಯ ಅಲ್ಲ. ಬಿಯರ್."

ಅತ್ತೆಯ ಬೆರಳು ನಿಲ್ಲಲಿಲ್ಲ. ಎಲೆ ಒಂದು ಕಡೆ, ದಂಟು ಒಂದು ಕಡೆ ಬೀಳುತ್ತಲೇ ಇತ್ತು. ತಲೆ ಎತ್ತದೆ ಕೇಳಿದರು.

"ಭಾಳ ಕುಡೀತೀಯೇನು?"

"ಇಲ್ಲವ್ವಾ. ವಾರಕ್ಕ ಒಂದು ಗ್ಲಾಸ್."

"ಇಕೀಗೆ ಗೊತ್ತೈತಿ?"

"ಐತಿ."

"ಬಾಜೂ ಮನೀ ಅಜ್ಜಗ?"

"ಅವರಿಗೂ ಗೊತ್ತೈತಿ."

"ಹಂಗಾರ ನನಗಷ್ಟ ಕಷಾಯ?"

ಸಂಗಮೇಶ ನನ್ನ ಕಡೆ ನೋಡಿದ. ಅವನು ಸುಳ್ಳು ಹೇಳಿದಾಗ ಪಕ್ಕದಲ್ಲೇ ನಿಂತು ನಕ್ಕವಳು ನಾನು.

ಅತ್ತೆ ಸೊಪ್ಪಿನ ಬುಟ್ಟಿ ನನ್ನ ಕೈಗೆ ಕೊಟ್ಟು ಎದ್ದರು. "ನೊರಿ ಬೇಕಂತ ಮೊದಲ ಹೇಳಿದ್ರ ಎಣ್ಣಿ ಯಾಕ ಸವರತಿದ್ದೆ? ಬ್ಯಾಳಿಗೆ ಎಣ್ಣಿ ಬಿಡೂದು ನಿನ್ನ ಹೆಂಡ್ತಿಗೆ ಕಲಿಸಿದಾಕಿ ಯಾರು? ಕಷಾಯ ಅಂದಿ. ಕಷಾಯಕ್ಕ ಯಾಕ ಬೇಕು ನೊರಿ?"

ಮಾರನೆಯ ದಿನ ಶೆಡ್ಡಿಗೆ ಮೊದಲು ಹೋದವರು ಅವರೇ. ಜಿಡ್ಡು ತೆಗೆಯಲು ಶೀಗೇಕಾಯಿ ಅಂದರು. ಅದಕ್ಕೂ ತನ್ನದೇ ನೊರೆ ಇದೆಯಲ್ಲ, ಬೇಡ ಅಂದೆ. ಸೋಡಾ ಪುಡಿ ಹಾಕಿದ ಬಿಸಿನೀರಲ್ಲಿ ಮುಳುಗಿಸಿ, ಬೆರಳು ಜಾರದೆ ಕಿರುಗುಟ್ಟುವವರೆಗೆ ತೊಳೆದರು. ಕೊಳವೆಯೊಳಗೆ ನಿಂತ ನೀರನ್ನು ಊದಿ ತೆಗೆಯಲು ಸಂಗಮೇಶ ಕಲಿಸಿದ. ಇಲ್ಲದಿದ್ದರೆ ಇಲ್ಲಿಯ ಚಳಿಗೆ ಅದು ಹೆಪ್ಪುಗಟ್ಟಿ ತಾಮ್ರವೇ ಸೀಳುತ್ತದಂತೆ. ಅತ್ತೆ ಒಲೆ ಊದುವ ಕೊಳವೆಯ ಅಭ್ಯಾಸದವರು. ಒಂದೇ ಉಸಿರಿಗೆ ಖಾಲಿ ಮಾಡಿದರು.

ಮನೆ ಖಾಲಿ ಮಾಡುವ ಹಿಂದಿನ ದಿನ ಬ್ರಯನ್ ಬೇಲಿಯ ಆಚೆಯಲ್ಲ, ನಮ್ಮ ತೋಟದಲ್ಲೇ ಕುರ್ಚಿ ಹಾಕಿಕೊಂಡು ಕೂತರು. ಆ ಸುರುಳಿಯಲ್ಲಿ ಕೊನೆಯ ಸಲ ಮಾಡಿದ ಬಿಯರನ್ನು ಸಂಗಮೇಶ ಸುರಿದ. ನೊರೆ ಎದ್ದಿತು, ನಿಂತಿತು. ಬ್ರಯನ್ ಈ ಸಲ ಬಣ್ಣದ ಮಾತೇ ಆಡಲಿಲ್ಲ. ಸೆಟೆದ ಎರಡೂ ಕೈಯಲ್ಲಿ ಗ್ಲಾಸ್ ಹಿಡಿದು ಕುಡಿದು, ಮೀಸೆಗೆ ಅಂಟಿದ ನೊರೆ ಒರೆಸದೆ ಹಾಗೇ ಕೂತಿದ್ದರು. ಗ್ಲಾಸನ್ನು ಅತ್ತೆಯ ಕಡೆ ಎತ್ತಿ "ಚಿಯರ್ಸ್" ಅಂದರು. ಅತ್ತೆ ತಮ್ಮ ಚಹಾದ ಕಪ್ ಎತ್ತಿದರು.

ಆಮೇಲೆ ಮಗನ ಕಡೆ ಬಗ್ಗಿ ಕೇಳಿದರು. "ಈಗರೆ ಖರೇ ಹೇಳು. ಮೊಣಕಾಲಿಗೆ ಚಲೋನೋ, ಅಲ್ಲೋ?"

ಅವನು ಖರೇ ಹೇಳಿದ. "ಅಲ್ಲವ್ವಾ."

ದೂರದಲ್ಲಿರುವ ನಾವು ಫೋನಿನಲ್ಲಿ, ವಿಡಿಯೋದಲ್ಲಿ, ಒಂದೇ ಸೂರಿನ ಕೆಳಗೂ ಎಷ್ಟೊಂದನ್ನು ಸೋಸಿ ಸಿಹಿ ಮಾಡಿ ಹಿರಿಯರಿಗೆ ಬಡಿಸುತ್ತೇವೆ. ಅವರ ಮನಸ್ಸು ನೋಯಬಾರದೆಂದು ಅಂದುಕೊಳ್ಳುತ್ತೇವೆ. ನೋಯುವುದು ಬಿಯರಿನಿಂದಲ್ಲ, ಬಚ್ಚಿಟ್ಟದ್ದರಿಂದ ಎಂದು ನನಗೆ ಗೊತ್ತಾದದ್ದು ಆ ಹಿಂದಿನ ಬಾಗಿಲ ಮೆಟ್ಟಿಲ ಮೇಲೆ.

ನಿಮ್ಮ ಮನೆಯಲ್ಲಿ ಯಾರಿಗಷ್ಟೇ ಕಷಾಯ?