ಗಾರೆ ಮಣ್ಣು ಕಪ್ಪಾದ ಬಗೆ

ಸಾರಕ್ಕಿ ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ ನಾವು ಬಾಡಿಗೆಗೆ ಹಿಡಿದ ಮನೆಯ ಹಿತ್ತಲಲ್ಲಿ ನಾಲ್ಕು ಮಂಚ ಹಾಕುವಷ್ಟು ಖಾಲಿ ಜಾಗವಿತ್ತು. ಅದನ್ನು ನೋಡಿಯೇ ನಾನು ಮನೆಗೆ ಒಪ್ಪಿದ್ದು. ಹದಿನೆಂಟು ವರ್ಷ ಮೂರನೇ ಮಹಡಿಯ ಬಾಲ್ಕನಿಯಲ್ಲಿ ಕುಂಡಗಳಿಗೆ ನೀರು ಹಾಕಿದವಳಿಗೆ ಕೊನೆಗೂ ನೆಲ ಸಿಕ್ಕಿತ್ತು. ಬಂದ ಮೊದಲ ಭಾನುವಾರವೇ ಸನಿಕೆ ಊರಿದೆ. ಟಣ್ ಎಂದಿತು. ಇನ್ನೊಂದು ಕಡೆ ಊರಿದೆ, ಅಲ್ಲೂ ಅದೇ. ಮೇಲೆ ಒಂದು ಬೆರಳಿನಷ್ಟು ಕೆಂಪು ಮಣ್ಣು. ಕೆಳಗೆಲ್ಲ ಇಟ್ಟಿಗೆ ಚೂರು, ಜಲ್ಲಿ, ಕಲ್ಲಾಗಿ ಹೋದ ಗಾರೆ, ಟೈಲ್ಸ್ ತುಂಡು.

"ಇಲ್ಲೇನೂ ಬರಲ್ಲ ಬಿಡು. ಸುಮ್ನೆ ಬೆನ್ನು ನೋಯಿಸ್ಕೋಬೇಡ," ಎಂದರು ನನ್ನವರು. ಅವರು ಹಾಗೆ ಹೇಳದಿದ್ದರೆ ಬಿಟ್ಟೇಬಿಡುತ್ತಿದ್ದೆನೋ ಏನೋ.

ನಾನು ಸ್ಕೂಲ್ ಟೀಚರ್. ಸಂಜೆ ಮನೆಗೆ ಬಂದು ಕಾಫಿ ಕುಡಿದು, ಹಳೇ ಚೂಡಿದಾರ್ ಹಾಕಿಕೊಂಡು ದಿನಕ್ಕೆ ಐದು ಬಾಂಡ್ಲಿ ಕಲ್ಲು ಎತ್ತುವುದೆಂದು ಲೆಕ್ಕ ಇಟ್ಟುಕೊಂಡೆ. ಎರಡು ತಿಂಗಳು ಎತ್ತಿದೆ. ಮೇಲಿನ ಮನೆಯಲ್ಲಿ ಎಪ್ಪತ್ತು ದಾಟಿದ ಓನರ್ ಆಂಟಿ ಇದ್ದರು. ಅವರು ಬಾಲ್ಕನಿಯಲ್ಲಿ ನಿಂತು ನೋಡುತ್ತಿದ್ದರು. ನಾನು ತಲೆಯೆತ್ತಿದರೆ ಒಳಗೆ ಹೋಗಿಬಿಡುತ್ತಿದ್ದರು. ನೆಲ ಅಗೆಯುವುದು ಅವರಿಗೆ ಇಷ್ಟವಿಲ್ಲ ಎಂದುಕೊಂಡೆ. ಬೇಡ ಎನ್ನುವವರೆಗೆ ನಿಲ್ಲಿಸುವುದಿಲ್ಲ ಎಂದೂ ಅಂದುಕೊಂಡೆ.

ಕಲ್ಲಿನಡಿ ಸಿಕ್ಕಿದ್ದು ಬೂದಿಬಣ್ಣದ ಸತ್ತ ಮಣ್ಣು. ನೀರು ಹಾಕಿದರೆ ಇಳಿಯದೆ ತಟ್ಟೆಯಲ್ಲಿ ನಿಂತಂತೆ ನಿಲ್ಲುತ್ತಿತ್ತು. ಗೊಬ್ಬರ ಬೇಕೇ ಬೇಕು. ಒಂದು ಪ್ಲಾಸ್ಟಿಕ್ ಡ್ರಮ್ಮಿಗೆ ತೂತು ಹೊಡೆದು ಅಡುಗೆಮನೆಯ ಸಿಪ್ಪೆ, ಸೊಪ್ಪಿನ ದಂಟು, ಕಾಫಿ ಚರಟ ಎಲ್ಲ ತುಂಬಿದೆ. ಮೂರೇ ವಾರಕ್ಕೆ ಡ್ರಮ್ಮು ಕೊಳೆತು ನಾರತೊಡಗಿತು. ಮುಚ್ಚಳ ತೆಗೆದರೆ ಬಿಳಿ ಹುಳುಗಳು ಮಿಜಮಿಜ ಎನ್ನುತ್ತಿದ್ದವು. ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ಇಣುಕಿದರು.

"ಮೇಡಂ, ನಮ್ಮನೇಲಿ ಊಟಕ್ಕೆ ಕೂರಕ್ಕಾಗ್ತಿಲ್ಲ. ದಿನಾ ಕಸದ ಗಾಡಿ ಬರತ್ತಲ್ಲ, ಅದಕ್ಕೇ ಹಾಕ್ಬಾರ್ದಾ?"

"ಹದಿನೈದು ದಿನ ಟೈಮ್ ಕೊಡಿ ಸಾರ್. ಆಮೇಲೂ ವಾಸನೆ ಬಂದ್ರೆ ನಾನೇ ಎತ್ತಿಸ್ಬಿಡ್ತೀನಿ."

ಹೇಳಿಬಿಟ್ಟೆ, ಮಾಡುವುದು ಹೇಗೆಂದು ಗೊತ್ತಿರಲಿಲ್ಲ. ಒದ್ದೆ ಹೆಚ್ಚಾಗಿದೆ, ಒಣ ಎಲೆ ಬೇಕು ಎಂದು ಹೊಳೆದದ್ದು ಮರುದಿನ, ಬೀದಿ ಗುಡಿಸುವಾಕೆ ಮೂಲೆಯಲ್ಲಿ ಹೊಂಗೆ ಎಲೆ ಗುಡ್ಡೆ ಹಾಕುವುದನ್ನು ನೋಡಿದಾಗ. ಕೇಳಿದೆ. "ತಗೊಂಡೋಗಿ ಅಕ್ಕ, ನಂಗೂ ಹೊರೋ ಕೆಲ್ಸ ಉಳೀತು," ಎಂದು ಆಕೆಯೇ ಚೀಲ ಹಿಡಿದು ತುಂಬಿಸಿಕೊಟ್ಟಳು. ಮೂಗಿಗೆ ಬಟ್ಟೆ ಕಟ್ಟಿಕೊಂಡು ಡ್ರಮ್ಮನ್ನು ನೆಲಕ್ಕೆ ಸುರಿದು, ಎಲೆ ಬೆರೆಸಿ ಮತ್ತೆ ತುಂಬಿದೆ. ವಾರದಲ್ಲಿ ನಾತ ಹೋಯಿತು. ಪಕ್ಕದ ಮನೆಯವರು ಮತ್ತೆ ಮಾತೆತ್ತಲಿಲ್ಲ.

ಅದು ಗೊಬ್ಬರವಾಗುವವರೆಗೆ ತಾಳಿಕೊಂಡಿದ್ದರೆ ಚೆನ್ನಾಗಿತ್ತು. ಬೇಗ ಆಗಲೆಂದು ಹತ್ತಿರದ ದನದ ಕೊಟ್ಟಿಗೆಯಿಂದ ಎರಡು ಚೀಲ ಸಗಣಿಯನ್ನು ಸ್ಕೂಟರಿನಲ್ಲಿ ತಂದು, ಹಸಿಯಾಗಿಯೇ ಮಣ್ಣಿಗೆ ಬೆರೆಸಿ, ಅವತ್ತೇ ಟೊಮೇಟೊ, ಬದನೆ ಸಸಿ ನೆಟ್ಟೆ. ನಾಲ್ಕನೇ ದಿನ ಎಲೆಯ ಅಂಚು ಸುಟ್ಟಂತಾಯಿತು. ವಾರದೊಳಗೆ ಎಲ್ಲ ಮಲಗಿದವು. ಹಿತ್ತಲ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ, ನಲವತ್ತೇಳು ವರ್ಷದ ಹೆಂಗಸು.

ಅವತ್ತು ಓನರ್ ಆಂಟಿ ಮೊದಲ ಸಲ ಕೆಳಗಿಳಿದು ಬಂದರು. ಒಂದು ಸಸಿ ಕಿತ್ತು ಬೇರು ನೋಡಿದರು.

"ಹಸಿ ಸಗಣಿ ಹಾಕ್ಬಿಟ್ಟಿದ್ದೀಯ. ಬೇರೆಲ್ಲ ಬೆಂದೋಗೈತೆ ಕಣಮ್ಮ. ತಿಪ್ಪೇಲಿ ಮಾಗ್ಬೇಕು ಅದು."

"ನಿಮಗೆ ಇದೆಲ್ಲ ಗೊತ್ತಾ ಆಂಟಿ?"

"ಗೊತ್ತಿಲ್ದೆ ಏನು? ಇದು ನಮ್ಮ ರಾಗಿ ಹೊಲ. ನಾನು ಮದುವೆಯಾಗಿ ಬಂದಾಗ ಇಲ್ಲೆಲ್ಲ ಸೊಂಟದುದ್ದ ಪೈರು." ನೆಲ ನೋಡುತ್ತಲೇ ಹೇಳಿದರು: "ಮನೆ ಕಟ್ಟೋವಾಗ ಒಳ್ಳೆ ಮಣ್ಣನ್ನ ಲಾರಿಗೆ ಹಾಕಿ ಕಳಿಸ್ದೆ. ಮಿಕ್ಕಿದ್ದ ಕಲ್ಲು ಗಾರೆ ಎಲ್ಲ ಇಲ್ಲಿಗೆ ಸುರಿಸಿದ್ದೂ ನಾನೇ. ದಿನಾ ನೀನು ಅದನ್ನ ಎತ್ತೋದು ನೋಡಿ ನಂಗೆ ಕೆಳಗೆ ಬರೋಕೆ ನಾಚಿಕೆ ಆಗ್ತಿತ್ತು."

ಅವರು ನನ್ನ ಉತ್ತರಕ್ಕೆ ಕಾಯಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, "ಗುದ್ದಲಿ ತಾ," ಎಂದರು.

ಮೂಲೆಯಲ್ಲಿ ಮೊಣಕಾಲುದ್ದ ಗುಂಡಿ ತೋಡಿದೆವು. ಒಂದು ಪದರ ಎಲೆ, ಒಂದು ಪದರ ಸಗಣಿ, ಡ್ರಮ್ಮಿನಲ್ಲಿದ್ದದ್ದು, ಮೇಲೆ ಮಣ್ಣು, ಅದರ ಮೇಲೆ ಒದ್ದೆ ಗೋಣಿಚೀಲ. ಹದಿನೈದು ದಿನಕ್ಕೊಮ್ಮೆ ಇಬ್ಬರೂ ಸೇರಿ ತಿರುವಿ ಹಾಕುತ್ತಿದ್ದೆವು. ನಡುವೆ ನಾನು ಗೋಣಿ ಎತ್ತಿ ನೋಡಹೋದರೆ ಮೇಲಿಂದ ಕೂಗು ಬೀಳುತ್ತಿತ್ತು: "ಬೇಯೋ ಅನ್ನದ ಮುಚ್ಚಳ ಎಷ್ಟು ಸಲ ತೆಗೀತೀಯ!"

ಮಳೆಗಾಲ ಮುಗಿಯುವ ಹೊತ್ತಿಗೆ ಗುಂಡಿ ಅರ್ಧಕ್ಕೆ ಇಳಿದಿತ್ತು. ಒಳಗಿನದು ಕಪ್ಪಗೆ, ಹುಡಿಹುಡಿಯಾಗಿತ್ತು. ಎಲೆ ಯಾವುದು ಸಗಣಿ ಯಾವುದು ಗೊತ್ತಾಗುತ್ತಿರಲಿಲ್ಲ. ಆಂಟಿ ಒಂದು ಹಿಡಿ ತೆಗೆದು ಮೂಸಿ ನೋಡಿ ನನ್ನ ಅಂಗೈಗೆ ಹಾಕಿದರು. ಅದರೊಳಗೆ ಒಂದು ಎರೆಹುಳು ಮಗ್ಗುಲು ತಿರುಗಿತು. ಅವರು ಕಣ್ಣೊರೆಸಿಕೊಂಡರು, ನಾನು ನೋಡದವಳಂತೆ ಇದ್ದೆ.

ಮೊದಲು ಮೆಂತ್ಯ ಬಿತ್ತಿದೆವು, ಆಮೇಲೆ ಬದನೆ. ಮೊದಲ ಕೊಯ್ಲಿಗೆ ಸಿಕ್ಕಿದ್ದು ಏಳೇ ಬದನೆಕಾಯಿ, ಅದರಲ್ಲಿ ಎರಡು ಹುಳುಕು. ಮಿಕ್ಕವನ್ನು ಎರಡೂ ಮನೆಗೆ ಹಂಚಿ ಎಣಗಾಯಿ ಮಾಡಿದೆವು. ಮಣ್ಣು ಇನ್ನೂ ಪೂರ್ತಿ ಸರಿಹೋಗಿಲ್ಲ. ಒಂದು ಮೊಳ ಕೆಳಗೆ ಈಗಲೂ ಜಲ್ಲಿ ಸಿಗುತ್ತದೆ. ಎರಡನೇ ಗುಂಡಿ ತುಂಬುತ್ತಿದೆ.

ಹೋದ ವಾರ ಆಂಟಿ ಕೆಲಸದವರನ್ನು ಕರೆಸಿ ಮನೆ ಮುಂದಿನ ಸಿಮೆಂಟು ಒಡೆಸತೊಡಗಿದರು. "ಕಾರು ಎಲ್ಲಿ ನಿಲ್ಲಿಸೋದು ಅತ್ತೆ?" ಎಂದು ಅವರ ಸೊಸೆ ಮೇಲಿಂದ ಕೇಳಿದಳು.

"ರೋಡಲ್ಲಿ ನಿಲ್ಸು," ಎಂದ ಆಂಟಿ ನನ್ನ ಕೈಗೆ ಬಾಂಡ್ಲಿ ಕೊಟ್ಟರು.