ಜೈತುನಬಿಯ ಗಾಜಿನ ಪೆಟ್ಟಿಗೆ

ದೇವರ ಹಿಪ್ಪರಗಿಯ ಸಂತೆ ಕೂಡುವ ಬಯಲಿನ ಹಿಂದಿನ ಓಣಿಯಲ್ಲಿ ಫಕೀರಸಾಬನ ಮನೆ. ಸೋರುವ ಕೊಡಕ್ಕೆ ಬೆಸುಗೆ ಹಾಕುವುದು, ಕಂದೀಲು ರಿಪೇರಿ ಮಾಡುವುದು, ತಗಡು ಕತ್ತರಿಸಿ ಡಬ್ಬಿ ಚಿಮಣಿ ಮಾಡುವುದು ಅವನ ಕಸುಬು. ಅವನ ಹೆಂಡತಿ ಜೈತುನಬಿ. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಮಾತು ಕಡಿಮೆ, ನೋಟ ಹೆಚ್ಚು. ನಾಲ್ಕು ಮಂದಿ ಕೂಡಿ ಗದ್ದಲ ಮಾಡುವಾಗ ಅವಳು ಒಂದು ಮೂಲೆಯಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಗದ್ದಲವೆಲ್ಲ ಮುಗಿದ ಮೇಲೆ ಯಾರು ಏನು ಅಂದರು ಎಂಬುದು ಅವಳೊಬ್ಬಳಿಗೇ ನೆನಪಿರುತ್ತಿತ್ತು.

ಬಿಜಾಪುರ ಜಿಲ್ಲೆ ಮುಂಬೈ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷದ ಮಾತು. ಮಳೆಗಾಲದ ಒಂದು ದಿನ ಮೀನು ಖಾತೆಯ ಮನುಷ್ಯನೊಬ್ಬ ಬಸ್ಸಿಳಿದು ಓಡೋಡುತ್ತ ಫಕೀರಸಾಬನ ಹತ್ತಿರ ಬಂದ. ಕೈಯಲ್ಲಿ ಹಾಲಿನ ಕ್ಯಾನು, ಅದರ ತಳ ತೊಟ್ಟಿಕ್ಕುತ್ತಿತ್ತು. ಒಳಗೆ ಬೆರಳುದ್ದದ ಮೀನಿನ ಮರಿಗಳು. ಸಿಂದಗಿ ಕಡೆಯ ಕೆರೆಯೊಂದಕ್ಕೆ ಬಿಡಲು ಒಯ್ಯುತ್ತಿದ್ದನಂತೆ. ಜೈತುನಬಿ ಹಿಂದೆ ಮುಂದೆ ನೋಡದೆ ಕುಡಿಯುವ ನೀರಿನ ಹರವಿಯ ಮುಚ್ಚಳ ತೆಗೆದು ಮರಿಗಳನ್ನು ಅದರಲ್ಲಿ ಸುರಿದುಕೊಂಡಳು. ಫಕೀರಸಾಬ ಕ್ಯಾನಿಗೆ ಬೆಸುಗೆ ಹಾಕಿಕೊಟ್ಟ. ಹೋಗುವಾಗ ಆ ಮನುಷ್ಯ ನಾಲ್ಕು ಮರಿಗಳನ್ನು ಹರವಿಯಲ್ಲೇ ಬಿಟ್ಟ.

“ಆಫ್ರಿಕಾ ದೇಶದ ಮೀನಾ ಇವು. ತಿಲಾಪಿಯಾ ಅಂತಾರ. ಜೋಪಾನ ಮಾಡಿದರ ಗೇಣುದ್ದ ಆಗತಾವ ನೋಡವ್ವಾ” ಎಂದ.

ಹರವಿಯಲ್ಲಿ ಮೀನಿನ ಬೆನ್ನು ಕಾಣುತ್ತದೆ, ಮುಖ ಕಾಣುವುದಿಲ್ಲ. ಜೈತುನಬಿಗೆ ಮುಖ ನೋಡಬೇಕಿತ್ತು. ಎರಡು ತಿಂಗಳು ದಿನಕ್ಕೊಮ್ಮೆ ಆ ಮಾತು ತೆಗೆದಳು. ಕಡೆಗೆ ಫಕೀರಸಾಬ ಇಂಡಿ ಪೇಟೆಯಲ್ಲಿ ಮುಚ್ಚಿಹೋದ ಬಟ್ಟೆ ಅಂಗಡಿಯ ಕಪಾಟಿನಿಂದ ದಪ್ಪ ಗಾಜು ತಂದ. ತಳಕ್ಕೆ ಮುದ್ದೇಬಿಹಾಳ ಕಡೆಯ ಫರಸಿ ಕಲ್ಲು, ಸುತ್ತ ಕಬ್ಬಿಣದ ಪಟ್ಟಿ, ಸಂದಿಗೆ ಅಗಸಿ ಎಣ್ಣೆಯಲ್ಲಿ ನಾದಿದ ಸೀಮೆಸುಣ್ಣದ ಪುಡಿ. ಮೂರು ಸಲ ಸೋರಿತು, ನಾಲ್ಕನೆಯ ಸಲ ನಿಂತಿತು. ನಡುಮನೆಯಲ್ಲಿ, ಮಾಳಿಗೆಯ ಬೆಳಕಿಂಡಿಯ ಕೆಳಗೆ, ಆಳು ಮಲಗುವಷ್ಟು ಉದ್ದದ ಆ ಪೆಟ್ಟಿಗೆ ಕೂತಾಗ ಓಣಿಯವರೆಲ್ಲ ಬಂದು ಇಣುಕಿದರು.

“ಯಾವಾಗ ಕೊಯ್ತೀರಿ?” ಎನ್ನುವುದೇ ಎಲ್ಲರ ಪ್ರಶ್ನೆ.

“ಕೊಯ್ಯಾಕಲ್ಲ, ನೋಡಾಕ” ಎಂದು ಜೈತುನಬಿ ಅಂದರೆ ನಗುತ್ತಿದ್ದರು.

ನೋಡುತ್ತ ನೋಡುತ್ತಲೇ ಅವಳು ಕಲಿತಳು. ಮೊದಲು ರೊಟ್ಟಿಯ ಚೂರು ಹೆಚ್ಚು ಹಾಕಿದಳು. ನೀರು ಗಂಜಿಯಾಯಿತು, ಒಂದು ಮೀನು ಸತ್ತಿತು. ಅಂದಿನಿಂದ ಜೋಳದ ನುಚ್ಚು ಚಿಟಿಕೆಯಷ್ಟೇ; ನಡುನಡುವೆ ಎರೆಹುಳ, ಒಮ್ಮೊಮ್ಮೆ ರಾಜಗಿರಿ ಸೊಪ್ಪು. ವಾರಕ್ಕೊಮ್ಮೆ ರಬ್ಬರಿನ ನಳಿಗೆಯಿಂದ ತಳದ ಹೊಲಸು ಎಳೆದು, ಮೂರರಲ್ಲಿ ಒಂದು ಪಾಲು ನೀರು ತೆಗೆದು, ಹಿಂದಿನ ದಿನವೇ ತುಂಬಿಟ್ಟ ಕೊಡದ ನೀರು ಹಾಕುತ್ತಿದ್ದಳು. ಬೇಸಿಗೆಯಲ್ಲಿ ಸಿಹಿನೀರಿನ ಬಾವಿ ತಳ ಕಂಡಾಗ ಮಂದಿ ಆಡಿಕೊಂಡರು. ಅವಳು ಜಗಳಕ್ಕೆ ಹೋಗಲಿಲ್ಲ. ಹಿತ್ತಲ ಹಿಂದೆ ಯಾರೂ ಬಾಯಿಗೆ ಹಾಕದ ಸವುಳು ನೀರಿನ ಬಾವಿಯಿತ್ತು. ದಿನಕ್ಕೊಂದು ತಂಬಿಗೆಯಂತೆ ಆ ನೀರು ಬೆರೆಸುತ್ತ ಹೋದಳು. ಮೀನುಗಳು ಬಾಡುವ ಬದಲು ಬಣ್ಣ ತಿರುಗಿದವು.

ದೊಡ್ಡ ಗಂಡು ಮೀನು ಕಪ್ಪಗೆ ಹೊಳೆಯುತ್ತ, ರೆಕ್ಕೆಗೆ ಕೆಂಪು ಅಂಚು ಕಟ್ಟಿಕೊಂಡು ಗೇಣುದ್ದ ಆಯಿತು. ಅದಕ್ಕೆ ಪೈಲವಾನ ಎಂದು ಹೆಸರಿಟ್ಟಳು. ಅವಳು ಚೆಂದಕ್ಕೆ ಜೋಡಿಸಿದ ಹರಳುಕಲ್ಲುಗಳನ್ನೆಲ್ಲ ಅದು ಬಾಯಲ್ಲಿ ಕಚ್ಚಿ ತನಗೆ ಬೇಕಾದ ಕಡೆ ಒಯ್ದು ಹಾಕುತ್ತಿತ್ತು. ಸಣ್ಣ ಗಂಡೊಂದನ್ನು ಕಚ್ಚಿ ಕಚ್ಚಿ ಹಣ್ಣು ಮಾಡಿದ್ದಕ್ಕೆ ಜೈತುನಬಿ ಆ ಸಣ್ಣದನ್ನು ಎತ್ತಿ ಸವುಳು ಬಾವಿಗೆ ಬಿಟ್ಟಳು. ಉಳಿದದ್ದು ಒಂದು ಹೆಣ್ಣು. ಬೂದಿ ಬಣ್ಣದ್ದು, ಹೆಸರೂ ಬೂದಿ. ಜೈತುನಬಿ ಗಾಜಿಗೆ ಬೆರಳು ಹಚ್ಚಿದರೆ ಸಾಕು, ಬೂದಿ ಬಂದು ಬೆರಳಿಗೆ ಎದುರಾಗಿ ನಿಲ್ಲುತ್ತಿತ್ತು.

ಮೀನು ಬಂದ ಮರುವರ್ಷದ ಬೇಸಿಗೆಯ ಒಂದು ಆದಿತ್ಯವಾರ ಬೂದಿ ಕೂಳು ಬಿಟ್ಟಿತು.

ನುಚ್ಚು ಹಾಕಿದರೆ ಮುಖ ತಿರುಗಿಸಿತು. ಎರೆಹುಳ ಮೂಗಿನ ಮುಂದೆ ಬಿಟ್ಟರೂ ಮುಟ್ಟಲಿಲ್ಲ. ಗದ್ದದ ಕೆಳಗೆ ಚೀಲ ಕಟ್ಟಿದಂತೆ ಉಬ್ಬಿತ್ತು. ಏನೂ ತಿನ್ನದೆಯೂ ಮೆಲುಕು ಹಾಕುತ್ತ ಮೂಲೆ ಹಿಡಿದು ನಿಂತಿತು. ಹತ್ತಿರ ಬಂದಾಗಲೆಲ್ಲ ಪೈಲವಾನ ಅದನ್ನು ಅಟ್ಟುತ್ತಿತ್ತು.

ನಾಲ್ಕನೆಯ ದಿನ, ಬುಧವಾರ, ಜೈತುನಬಿಯ ಅತ್ತೆ ಹುಸೇನಬಿ ಸೊಂಟಕ್ಕೆ ಕೈಕೊಟ್ಟು ಪೆಟ್ಟಿಗೆಯ ಮುಂದೆ ನಿಂತಳು. ಹುಸೇನಬಿ ಹುಟ್ಟಿದ್ದು ಮುದ್ದೇಬಿಹಾಳ ತಾಲೂಕಿನ ಕೃಷ್ಣಾ ಹೊಳೆಯ ದಂಡೆಯಲ್ಲಿ. ಮೀನಿನ ಮಾತು ಬಂದರೆ ಈ ಬಯಲುಸೀಮೆಯ ಊರಿನಲ್ಲಿ ಅವಳ ಮುಂದೆ ಯಾರೂ ಬಾಯಿ ತೆರೆಯುವಂತಿರಲಿಲ್ಲ.

“ಗಂಟಲಬ್ಯಾನಿ ಐತಿ ಇದಕ್ಕ. ಎಮ್ಮಿಗೆ ಬರೂದಿಲ್ಲೇನ, ಹಂಗ. ಹೊಳಿ ದಂಡಿಯಾಗ ಹುಟ್ಟಿದಾಕಿ ನಾ. ಸಾಯೂ ಮೀನಾ ಎಂಥಾದ್ದು ಅಂತ ನನಗ ಹೇಳಿಕೊಡಬ್ಯಾಡ್ರಿ. ಸತ್ತಮ್ಯಾಲ ತಿಪ್ಪಿಗೆ ಹಾಕೂದಕ್ಕಿಂತ ಈಗ ಗಡಿಗಿಗೆ ಹಾಕೂದು ಚಲೋ.”

“ಅತ್ತ್ಯಾರ, ಸ್ವಲ್ಪ ತಡೀರಿ. ಕಣ್ಣು ಚೊಕ್ಕ ಅದಾವ. ರೆಕ್ಕಿ ನೆಟ್ಟಗ ನಿಂತಾವ. ಬ್ಯಾನಿ ಬಿದ್ದದ್ದು ಹಿಂಗ ನಿಲ್ಲೂದಿಲ್ಲ” ಎಂದಳು ಜೈತುನಬಿ.

“ನಾಕು ದಿನದಿಂದ ಕೂಳಿಲ್ಲ, ರೆಕ್ಕಿ ನೆಟ್ಟಗ ಅದಾವಂತ! ನಿನಗ ಈ ಮೀನಾ ಸೊಸಿಯೋ, ನನಗ ನೀ ಸೊಸಿಯೋ ತಿಳೀವಲ್ದು.”

ಬೆಸುಗೆಯ ಕಡ್ಡಿ ಹಿಡಿದು ಕೂತಿದ್ದ ಫಕೀರಸಾಬ ತಾಯಿಯ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಕಡ್ಡಿಯನ್ನೇ ನೋಡತೊಡಗಿದ. ಕಡೆಗೆ ಹುಸೇನಬಿಯೇ ತೀರ್ಪು ಕೊಟ್ಟಳು.

“ಈ ಶುಕ್ರವಾರದ ಜುಮ್ಮಾ ಬಿಡು, ಬರೂ ಜುಮ್ಮಾತನಕ ನೋಡತೇನಿ. ಅಷ್ಟರಾಗ ಅದು ನಿನ್ನ ಕೈಯಾಗಿಂದು ತಿಂದರ ನಿಂದು. ಇಲ್ಲಂದ್ರ ನನ್ನ ಗಡಿಗಿದು. ಆಮ್ಯಾಲ ಮಾರಿ ಉಬ್ಬಿಸಿಕೊಂಡು ಕೂಡಬ್ಯಾಡ.”

ಜೈತುನಬಿ ಒಪ್ಪಿದಳು. ಒಪ್ಪದೆ ದಾರಿಯಿರಲಿಲ್ಲ.

ಅದೇ ದಿನ ಪೈಲವಾನನನ್ನು ಎರೆಹುಳದ ಆಸೆ ತೋರಿಸಿ ಬುಟ್ಟಿಯಲ್ಲಿ ಹಿಡಿದು ದೊಡ್ಡ ಹರವಿಗೆ ಹಾಕಿದಳು. ಪೆಟ್ಟಿಗೆಯ ಮೂರು ಬದಿಗೆ ಹಳೆಯ ಸೀರೆ ಇಳಿಬಿಟ್ಟಳು. ತಗಡು ಬಡಿಯುವ ಸಪ್ಪಳಕ್ಕೆ ಬೂದಿ ಬೆಚ್ಚುತ್ತದೆಂದು ಗಂಡನನ್ನು ಬೇವಿನ ಮರದ ಕೆಳಗೆ ಕೂಡಿಸಿದಳು. ಓಣಿಗೆ ನಗಲು ಇನ್ನೇನು ಬೇಕು?

“ಫಕೀರಸಾಬ, ಮನ್ಯಾಗ ಬಾಣಂತನ ಏನು? ಹೊರಗ ಬಂದು ಕುಂತೀಯಲ್ಲ!”

ಫಕೀರಸಾಬ ಸುತ್ತಿಗೆ ಎತ್ತಿದ. “ಹೌದ, ಮೀನಿಂದು. ಬೆಲ್ಲ ಕೊಬ್ಬರಿ ತಂದಿದ್ರ ಒಳಗ ಕೊಟ್ಟು ಹೋಗ್ರಿ.”

ಅವನು ಆಡಿದ್ದು ಚೇಷ್ಟೆಗೆ. ಒಳಗೆ ಕಸ ಹೊಡೆಯುತ್ತಿದ್ದ ಜೈತುನಬಿ ಮಾತ್ರ ಕಸಬರಿಗೆ ಬಿಟ್ಟು ಬೂದಿಯ ಉಬ್ಬಿದ ಗದ್ದವನ್ನು ಇನ್ನೊಮ್ಮೆ ನೋಡಿದಳು.

ಸೋಮವಾರಕ್ಕೆ ಕೂಳು ಬಿಟ್ಟು ಒಂಬತ್ತು ದಿನ. ಬೂದಿಯ ಬೆನ್ನು ಸಣ್ಣಗಾಗಿತ್ತು, ಗದ್ದ ಇನ್ನೂ ಉಬ್ಬಿತ್ತು. ಹುಸೇನಬಿಯೂ ಕಟುಕಿಯಲ್ಲ, ಔಷಧವನ್ನಾದರೂ ಮಾಡಿ ನೋಡೋಣವೆಂದು ಬಗಲಮನೆಯ ಅಮೋಘಸಿದ್ಧನಿಗೆ ಹೇಳಿ ಕಳಿಸಿದಳು. ಕುರಿ ಕಾಯುವ ಮನುಷ್ಯ, ನೂರಾರು ಕುರಿಗಳ ಗಂಟಲಿಗೆ ಕಷಾಯ ಇಳಿಸಿದ ಕೈ. ಅರಿಷಿಣ, ಅಜವಾನ ಕುದಿಸಿದ ಕಷಾಯ ತಂದ. ದನಕ್ಕೆ ಔಷಧ ಹಾಕುವ ಬಿದಿರಿನ ಗೊಟ್ಟವನ್ನೇ ಕಿರುಬೆರಳಷ್ಟು ಸಣ್ಣಗೆ ಕೊಯ್ದು ಹೊಸದೊಂದು ಮಾಡಿಕೊಂಡು ಬಂದಿದ್ದ. ಹಿಂದೆ ಹೆಂಡತಿ ಚಂದವ್ವ.

“ಬಾಯಿ ಅಗಲಿಸಿ ಎರಡು ಹನಿ ಬಿಟ್ಟರ ಆತು. ಕುರಿಯೇನು, ಮೀನೇನು, ಗಂಟಲ ಗಂಟಲನ” ಎಂದು ತೋಳು ಏರಿಸಿ ಕೈಯನ್ನು ನೀರಿಗಿಳಿಸಿದ.

ಬೂದಿ ಹಿಂದೆ ಸರಿಯುತ್ತ ಸರಿಯುತ್ತ ಜೈತುನಬಿ ನಿಂತ ಮೂಲೆಗೆ ಬಂತು. ಅವಳು ಮೂಗನ್ನು ಗಾಜಿಗೆ ಒತ್ತಿದಳು. ಅಂಜಿದ ಮೀನು ಒಮ್ಮೆ ಆಕಳಿಸಿದಂತೆ ಬಾಯಿ ತೆರೆದು ಮುಚ್ಚಿತು. ಬೆಳಕಿಂಡಿಯ ಬಿಸಿಲು ನೇರ ಆ ಬಾಯೊಳಗೆ ಬಿತ್ತು. ಒಳಗೆ ನವಣೆ ಕಾಳಿನಂಥ ಹಳದಿ ಹಳದಿ ಮುದ್ದೆ. ಒಂದೊಂದು ಕಾಳಿಗೂ ಸೂಜಿಮೊನೆಯಿಂದ ಚುಚ್ಚಿದಂತೆ ಎರಡು ಕರಿ ಚುಕ್ಕೆ.

“ಕೈ ತಗೀರಿ!”

ಆ ಮನೆಯಲ್ಲಿ ಜೈತುನಬಿಯ ದನಿ ಅಷ್ಟು ಏರಿದ್ದನ್ನು ಯಾರೂ ಕೇಳಿರಲಿಲ್ಲ. ಅಮೋಘಸಿದ್ಧನ ಕೈ ತಾನಾಗಿ ಮೇಲೆ ಬಂತು.

“ಕಣ್ಣು ಅದಾವ ಬಾಯಾಗ. ಮರಿ ಅದಾವ. ಬಾಯಿ ಅಗಲಿಸಿದರ ಎಲ್ಲಾ ಹೋಗತಾವ.”

“ಕಣ್ಣಲ್ಲ, ಕೀವು! ಬಾಯಾಗ ಹಡಿಯೂ ಪ್ರಾಣಿ ಎಲ್ಲಿಂದ ಬಂತವ್ವಾ? ನಮ್ಮ ಹೊಳ್ಯಾಗ ಮೀನಾ ತತ್ತಿ ಬಿಟ್ಟು ತನ್ನ ದಾರಿ ಹಿಡಿದು ಹೋಗತಾವ. ಮತ್ತ ಕಣ್ಣ ಇದ್ದಿದ್ರ, ತನ್ನ ಮರಿ ತಾನ ತಿಂದಾಳ ಅನ್ನು” ಎಂದಳು ಹುಸೇನಬಿ.

ಆ ಕಡೆಯ ಮಾತು ಜೈತುನಬಿಗೆ ನಾಟಿತು. ತಿಂದಿರಬಹುದಲ್ಲ! ಚಂದವ್ವ ಗಂಡನ ಕೈಯಿಂದ ಗೊಟ್ಟ ಕಿತ್ತುಕೊಂಡಳು.

“ಮರಿ ಈಯೂ ಕುರಿಗೆ ನೀವು ಔಷಧ ಹಾಕತೀರೇನು? ನೋಡಿದಾಕಿ ಆಕಿ. ನಡೀರಿ ಮನಿಗೆ.”

“ನೋಡಿದಾಕಿ ಆಕಿ, ಖರೆ” ಎಂದು ಅಮೋಘಸಿದ್ಧ ತೋಳು ಇಳಿಸಿಕೊಂಡ. “ನಾ ಏನೂ ನೋಡಿಲ್ಲಪಾ.”

“ಜುಮ್ಮಾಕ್ಕ ತಿಳೀತೈತಿ” ಎಂದಷ್ಟೇ ಹೇಳಿ ಹುಸೇನಬಿ ಹೋದಳು.

ಮುಂದಿನ ಮೂರು ದಿನ ಜೈತುನಬಿ ರೊಟ್ಟಿ ಬಡಿಯುವಾಗ ಬಿಟ್ಟರೆ ಪೆಟ್ಟಿಗೆಯ ಮುಂದೆಯೇ. ತಿನ್ನುವ ಮೀನು ನುಂಗುತ್ತದೆ, ಇದು ನುಂಗುತ್ತಿಲ್ಲ. ಒಳಗಿನದನ್ನು ತಿರುವಿ ಹಾಕುತ್ತಿದೆ, ಹಂಚಿನ ಮೇಲೆ ಕಾಳು ಸೀಯದಂತೆ ತಿರುವಿದ ಹಾಗೆ. ಹೊಟ್ಟೆ ಬೆನ್ನಿಗೆ ಹತ್ತಿದ್ದರೂ ಗಂಟಲು ದಾಟಿಸಿಲ್ಲ. ಹೀಗೆ ಅವಳ ಮನಸ್ಸು ಹೇಳಿತು. ಹೊಳೆಯ ದಂಡೆಯ ಹುಸೇನಬಿಗೆ ಗೊತ್ತಿಲ್ಲದ್ದು ತನಗೆ ಹೇಗೆ ಗೊತ್ತಾದೀತು ಎಂದೂ ಅದೇ ಮನಸ್ಸು ಕೇಳಿತು.

ಶುಕ್ರವಾರ ಬಂತು. ಫಕೀರಸಾಬ ಜಳಕ ಮಾಡಿ ಟೊಪ್ಪಿಗೆ ಹಾಕಿಕೊಂಡು ಜುಮ್ಮಾ ನಮಾಜಿಗೆ ಹೊರಟು ನಿಂತಿದ್ದ. ಹುಸೇನಬಿ ಒಣಕೊಬ್ಬರಿ, ಕೆಂಪು ಖಾರ ಅರೆದಿಟ್ಟು, ಹುಣಸೆಹಣ್ಣು ನೆನೆಹಾಕಿ, ಈಳಿಗೆಮಣೆ ಮಸೆದಿಟ್ಟಿದ್ದಳು. ಮಸಾಲೆಯ ವಾಸನೆಗೆ ಓಣಿಯೇ ಮೂಗು ಎತ್ತಿತ್ತು.

“ಅಂಜಲಿ ತುಂಬ ಎರೆಹುಳ ತಂದೇನಿ. ಹಾಕು, ತಿಂತೈತೇನೋ ನೋಡೂನು” ಎಂದು ಹುಸೇನಬಿ ತಗಡಿನ ಬುಟ್ಟಿ ಹಿಡಿದು ಬಂದಳು.

ಜೈತುನಬಿ ಸೀರೆ ಸರಿಸಿದಳು. ಹುಳ ಹಾಕಲಿಲ್ಲ. ಬೂದಿ ತಳದ ಹರಳುಕಲ್ಲುಗಳ ಮೇಲೆ ತಲೆ ಕೆಳಗೆ ಮಾಡಿ ನಿಂತಿತ್ತು. ಬಾಯಿ ತೆರೆಯಿತು. ಊದಿನಕಡ್ಡಿಯ ಹೊಗೆ ಬಿಟ್ಟ ಹಾಗೆ ಏನೋ ಒಂದು ಹೊರಗೆ ಬಂತು. ಹೊಗೆ ಕರಗಲಿಲ್ಲ; ತುಂಡು ತುಂಡಾಗಿ ಈಜಿತು. ನೂರು, ಇನ್ನೂರು, ಎಣಿಸಲಾರದಷ್ಟು ಮರಿ. ಒಂದೊಂದೂ ಅಕ್ಕಿಯ ಕಾಳಿನಷ್ಟು, ಒಂದೊಂದಕ್ಕೂ ತಲೆಗಿಂತ ದೊಡ್ಡ ಕಣ್ಣು.

ಹುಸೇನಬಿಯ ಕೈಯಿಂದ ಬುಟ್ಟಿ ಫರಸಿಯ ಮೇಲೆ ಢಣ್ಣೆಂದು ಬಿತ್ತು. ಆ ಸಪ್ಪಳಕ್ಕೆ ಬೂದಿ ಒಮ್ಮೆ ಮೈ ನಡುಗಿಸಿ ಬಾಯಿ ತೆರೆಯಿತು. ಮರಿಗಳೆಲ್ಲ ಜೇನು ಗೂಡಿಗೆ ನುಗ್ಗಿದಂತೆ ಆ ಬಾಯೊಳಗೆ ನುಗ್ಗಿದವು. ಕಣ್ಣು ಮುಚ್ಚಿ ತೆರೆಯುವುದರಲ್ಲಿ ಪೆಟ್ಟಿಗೆ ಖಾಲಿ.

“ನುಂಗಿದಳೋ!” ಹುಸೇನಬಿ ಎದೆ ಬಡಿದುಕೊಂಡಳು. “ಯಾ ಅಲ್ಲಾ, ಎಲ್ಲಾ ನುಂಗಿಬಿಟ್ಟಳೋ ಹಾಟ್ಯಾಕಿ! ಫಕೀರಾ, ಬಾಯಿ ಬಿಡಸೋ ಅದರದು!”

ಜೈತುನಬಿ ಅತ್ತೆಯ ಮುಂಗೈ ಹಿಡಿದಳು. “ಸಪ್ಪಳ ಮಾಡಬ್ಯಾಡ್ರಿ, ಅತ್ತ್ಯಾರ. ನಿಂದ್ರಿ.”

ಮೂವರೂ ನಿಂತರು. ಮಸೀದಿಯಿಂದ ಬಾಂಗು ಕೇಳಿಸಿತು. ಫಕೀರಸಾಬ ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟು ಮತ್ತೆ ತಿರುಗಿ ನೋಡುತ್ತ ನಿಂತ. ಬೂದಿ ಸುತ್ತಲೂ ಕಣ್ಣು ಹೊರಳಿಸಿತು. ಮೆಲ್ಲಗೆ ಬಾಯಿ ಬಿಟ್ಟಿತು. ಮೊದಲು ಒಂದು ಮರಿ ಇಣುಕಿತು, ಹಿಂದೆ ನಾಲ್ಕು, ಆಮೇಲೆ ಇಡೀ ಹಿಂಡು. ಒಂದೂ ಕಡಿಮೆಯಾಗಿರಲಿಲ್ಲ.

ಹುಸೇನಬಿ ನೆಲದ ಮೇಲೆ ಕೂತುಬಿಟ್ಟಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಬೆರಳು ಮಡಚಿ ಎಣಿಸುತ್ತ ಅಂದಳು:

“ಹನ್ನೆರಡು ದಿನ. ಹನ್ನೆರಡು ದಿನ ಉಪಾಸ ಬಿದ್ದು ಬಾಯಾಗ ಇಟಗೊಂಡಾಳಲ್ಲವ್ವಾ! ನಾ ಈಳಿಗಿ ಮಸದೇನಿ.”

“ನೀವು ತಡದ್ರಲ್ಲ. ತಡದದ್ದಕ್ಕ ಉಳದಾವ” ಎಂದಳು ಜೈತುನಬಿ. ಅವಳ ಮುಖದಲ್ಲಿ ಅಂದು ಕಂಡ ನಗೆಯನ್ನು ಮದುವೆಯ ಚಪ್ಪರದಲ್ಲೂ ಕಂಡಿರಲಿಲ್ಲ ಎಂದು ಫಕೀರಸಾಬ ಮುಂದೆ ಎಷ್ಟೋ ಸಲ ಹೇಳಿದ. ಅರೆದ ಮಸಾಲೆ ಬದನೆಕಾಯಿಗೆ ಹೋಯಿತು. ಅಂದು ಅಮೋಘಸಿದ್ಧ, ಚಂದವ್ವರೂ ಅಲ್ಲೇ ಉಂಡರು. ಅಮೋಘಸಿದ್ಧ ಉಣ್ಣುವುದನ್ನು ಬಿಟ್ಟು ಎರಡು ಸಲ ಎದ್ದು ಹೋಗಿ ಗಾಜಿಗೆ ಮೂಗು ಹಚ್ಚಿ ಬಂದ.

ಸಂಜೆಗೆ ಇಡೀ ಪೇಟೆ ನಡುಮನೆಯಲ್ಲಿತ್ತು. ಬಾಗಿಲಲ್ಲಿ ಹುಸೇನಬಿ. ಐದೈದು ಮಂದಿಯನ್ನೇ ಒಳಗೆ ಬಿಡುತ್ತ, “ಕೆರವ ಹೊರಗ, ಬಾಯಿ ಬಂದ್. ಬಾಣಂತಿ ಅದಾಳ” ಎಂದು ಹುಕುಂ ಮಾಡುತ್ತಿದ್ದಳು. ಒಬ್ಬ ಹಿರಿಯ ವ್ಯಾಪಾರಿ ಕೆಮ್ಮಿದ್ದಕ್ಕೆ ಅವನನ್ನು ಹೊರಗೆ ಕಳಿಸಿದಳು.

ಜೈತುನಬಿ ಮರಿಗಳನ್ನು ಬೆಳೆಸಿದ್ದೂ ನೋಡಿ ನೋಡಿಯೇ. ಬೇಯಿಸಿದ ಕೋಳಿಮೊಟ್ಟೆಯ ಹಳದಿಯನ್ನು ಅರಿವೆಯಲ್ಲಿ ಸೋಸಿ ಹನಿ ಹನಿ ಬಿಟ್ಟಳು. ವಾರದ ಮೇಲೆ ಮರಿಗಳು ತಾಯಿಯ ಬಾಯಿ ಮರೆತವು, ಬೂದಿ ಮೊದಲ ಎರೆಹುಳ ನುಂಗಿತು. ಸಂತೆಗೆ ಬಂದವರಿಂದ ಸುದ್ದಿ ಹೊರಗೆ ಹೋಯಿತು. ಇಂಡಿಯ ಗಡಿಯಾರ ರಿಪೇರಿಯವ, ಸಿಂದಗಿಯ ಶಾಲೆಯ ಮಾಸ್ತರ, ಬಾಗೇವಾಡಿಯಿಂದ ಬಸ್ಸಿನಲ್ಲಿ ತಂಬಿಗೆ ಹಿಡಿದು ಬಂದ ಮುದುಕಿ, ಎಲ್ಲರೂ ಮರಿ ಕೇಳಿದರು. ಕೊಡುವ ಮುಂಚೆ ಅವಳು ಪ್ರತಿಯೊಬ್ಬರನ್ನೂ ಎದುರಿಗೆ ಕೂಡಿಸಿಕೊಂಡು ನೀರು ಹೇಗೆ, ನುಚ್ಚು ಎಷ್ಟು ಎಂದು ಹೇಳಿ, ತಿರುಗಿ ಅವರ ಬಾಯಿಂದಲೇ ಹೇಳಿಸುತ್ತಿದ್ದಳು. ಮಾತು ಕಡಿಮೆಯವಳು ಎಂದು ಆಮೇಲೆ ಅವಳನ್ನು ಯಾರೂ ಅನ್ನಲಿಲ್ಲ. ಮಾಸ್ತರ ಒಂದು ಸಲ ತಪ್ಪು ಹೇಳಿದ. ಅವನನ್ನು ಮತ್ತೊಂದು ವಾರ ಬಿಟ್ಟು ಬರಲು ಹೇಳಿದಳು. ಅವನು ಬಂದ.

ಮರಿಗಳು ಬಲಿತ ಮೇಲೆ ಪೈಲವಾನನನ್ನೂ ಹರವಿಯಿಂದ ಮರಳಿ ಪೆಟ್ಟಿಗೆಗೆ ಬಿಟ್ಟಳು. ಅಷ್ಟು ಮರಿ ಕೊಟ್ಟರೂ ಪೆಟ್ಟಿಗೆಯಲ್ಲಿ ಜಾಗ ಸಾಲಲಿಲ್ಲ. ಬೂದಿಯ ಗದ್ದ ಎರಡನೆಯ ಸಲ ಉಬ್ಬಿದ ದಿನ ಫಕೀರಸಾಬ ತಲೆ ಕೆರೆದುಕೊಂಡ.

“ಇವನ್ನೆಲ್ಲ ಎಲ್ಲಿ ಇಡೂದು?”

ಜೈತುನಬಿ ಆಗಲೇ ನಡುಮನೆಯ ಇನ್ನೊಂದು ಗೋಡೆಯನ್ನು ಮೊಳ ಹಾಕಿ ಅಳೆಯುತ್ತಿದ್ದಳು.

“ಆರು ಮೊಳ ಐತಿ. ಈ ಸಲ ಸಣ್ಣದು ಮಾಡಬ್ಯಾಡ್ರಿ.”