ದೊಡ್ಡವರ ಸೈಜು

ಮುಂದೆ ಜೈಲಿನ ದರ್ಜಿಯಾದವನು ಹದಿನೈದನೇ ವಯಸ್ಸಿನಲ್ಲಿ, ತುಂಬಿದ ಕೋರ್ಟಿನಲ್ಲಿ, ನ್ಯಾಯಾಧೀಶರಿಗೆ ಎರಡೂ ಕೈ ಮುಗಿದ. ಪ್ಯಾಂಟು ಕೆಳಗೆ ಬಿತ್ತು.

ಸೊಂಟ ಇಪ್ಪತ್ನಾಲ್ಕು ಇಂಚು, ಜೈಲಿನವರು ಕೊಟ್ಟ ಪ್ಯಾಂಟು ಮೂವತ್ತೆರಡು. ಬೆಲ್ಟು ಕೊಡುವಂತಿಲ್ಲ, ಕುತ್ತಿಗೆಗೆ ಬಿಗಿದುಕೊಂಡರೆ? ಅಲ್ಲಿಯವರೆಗೂ ಒಂದು ಕೈಯಲ್ಲಿ ಹಿಡಿದೇ ನಿಂತಿದ್ದ ಪಾಪ. ಇಡೀ ಕೋರ್ಟು ಕಿಸಕ್ಕೆಂದಿತು. ನಗು ಅಡಗಿದ ಮೇಲೆ ನ್ಯಾಯಾಧೀಶರು ಕನ್ನಡಕ ಸರಿಮಾಡಿಕೊಂಡು, ಇವನನ್ನು ವಯಸ್ಕನೆಂದೇ ಪರಿಗಣಿಸಲಾಗಿದೆ ಎಂದು ಓದಿ, ಜೀವಾವಧಿ ಕೊಟ್ಟರು.

ಮಾಡಿದ್ದೇನು? ಚಿಕ್ಕಪ್ಪನ ದೊಡ್ಡ ಮಗ "ಇಲ್ಲೇ ನಿಂತಿರೋ, ಎರಡು ನಿಮಿಷ" ಅಂದ. ಇವನು ಅಂಗಡಿಯ ಹೊರಗೆ ಸ್ಕೂಟರ್ ಹಿಡಿದು ನಿಂತ. ಒಳಗೆ ಅಣ್ಣ ಚಾಕು ಹಾಕಿದ, ಅಂಗಡಿಯವರು ಸತ್ತರು. ಆ ಮನೆಯ ಅಳು ಸುಳ್ಳಲ್ಲ. ಆದರೆ ಅದೇ ಸ್ಕೂಟರ್ ಓಡಿಸಲು ಲೈಸೆನ್ಸ್ ಕೊಡದ, ಓಟು ಕೊಡದ, ಶಾಲೆಯ ಪ್ರವಾಸಕ್ಕೂ ಅಪ್ಪನ ಸಹಿ ಕೇಳುವ ಸರ್ಕಾರ ಜೈಲಿನ ಬಾಗಿಲಲ್ಲಿ ಮಾತ್ರ "ಬನ್ನಿ ದೊಡ್ಡ ಮನುಷ್ಯರೇ" ಅನ್ನುತ್ತದಲ್ಲ, ಮೈ ಉರಿಯುವುದು ಅದಕ್ಕೆ.

ಒಳಗೆ ಹೊಲಿಗೆ ಕೋಣೆಗೆ ಹಾಕಿದರು. ಮೊದಲು ಹೊಲಿದದ್ದು ತನ್ನದೇ ಪ್ಯಾಂಟಿನ ಸೊಂಟ. ಆಮೇಲೆ ಬಂದ ಹುಡುಗರದ್ದೆಲ್ಲ ಅವನೇ ಚಿಕ್ಕದು ಮಾಡಿಕೊಟ್ಟ. ಹುಡುಗರ ಸೈಜು ತರಿಸಿ ಸಾರ್ ಅಂದರೆ ಸ್ಟೋರಿನ ಗುಮಾಸ್ತ, "ಇಲ್ಲಿ ಹುಡುಗರೇ ಇಲ್ವಲ್ಲಯ್ಯಾ, ದಾಖಲೆ ನೋಡ್ಕೋ!" ಅಂದ.

ಮೀಸೆ ಬಂತು, ನರೆಯಿತು. ಅಮ್ಮ ತೀರಿಕೊಂಡಳು. ಇಪ್ಪತ್ತಾರು ವರ್ಷಕ್ಕೆ ಕಾನೂನು ಕಣ್ಣುಜ್ಜಿಕೊಂಡು ಎದ್ದಿತು: ಇಂಥವರಿಗೆ ಒಂದೇ ಒಂದು ಮರುವಿಚಾರಣೆ. ಬದಲಾಗಿದ್ದಾನೆ ಅನ್ನಿಸಿದರೆ ಮನೆಗೆ, ಇಲ್ಲದಿದ್ದರೆ ಸಾಯುವವರೆಗೂ ಅಲ್ಲೇ. ಹುಡುಗರನ್ನು ಹಾಗೆ ಒಳಗೆ ತಳ್ಳುವುದನ್ನು ನಿಲ್ಲಿಸಿ ಎಂದು ಮಾತ್ರ ಅದು ಹೇಳಲಿಲ್ಲ. ಮತ್ತೆ ನಿದ್ದೆ ಹೋಯಿತು.

ಮರುವಿಚಾರಣೆಯ ಹಿಂದಿನ ವಾರ ಭೇಟಿಗೆ ಬಂದ ಅಕ್ಕ ಪಾಠ ಹೇಳಿಕೊಟ್ಟಳು.

"ಏನ್ ಕಲ್ತೆ ಅಂತ ಕೇಳೇ ಕೇಳ್ತಾರೆ ಕಣೋ. ಪಶ್ಚಾತ್ತಾಪ, ತಾಳ್ಮೆ ಅನ್ನು. ನಿನ್ ತಲೆಹರಟೆ ಬೇಡ."

"ಆಯ್ತು ಕಣೇ ಟೀಚರಮ್ಮ."

"ನಮ್ಮನೇಲಿ ಮಂಚ ಹಾಕಿಟ್ಟಿದೀನಿ. ನೆನಪಿರ್ಲಿ."

ಈ ಸಲದ ನ್ಯಾಯಾಧೀಶರು ಇವನಿಗಿಂತ ಚಿಕ್ಕವರು. ಮೆತ್ತಗೇ ಕೇಳಿದರು: "ಇಷ್ಟು ವರ್ಷ ಒಳಗಿದ್ದು ಏನು ಕಲಿತಿರಿ?"

ಅಕ್ಕ ಬೆಂಚಿನ ತುದಿಗೆ ಸರಿದಳು. ದರ್ಜಿ ಪಶ್ಚಾತ್ತಾಪಕ್ಕೆಂದು ಬಾಯಿ ತೆರೆದ. ಅಷ್ಟರಲ್ಲಿ ಗೋಡೆಗೆ ಒರಗಿದ್ದ ಮುಂದಿನ ಕೇಸಿನ ಹುಡುಗ ಕಣ್ಣಿಗೆ ಬಿದ್ದ. ಅವನ ಒಂದು ಕೈ ಸೊಂಟದ ಮೇಲೇ ಇತ್ತು.

"ಪ್ಯಾಂಟ್ ಚಿಕ್ಕದು ಮಾಡೋದು, ಸ್ವಾಮಿ. ಅವಂದೂ ಬೆಳಿಗ್ಗೆನೇ ಮುಗಿಸ್ತಿದ್ದೆ, ನೀವು ಕರೆಸ್ಬಿಟ್ರಿ."